ಪಕ್ಕದ ಮನೆಯವರಿಗೆ ಬೆಕ್ಕು ಆಗಿಬರದಿದ್ದರೆ: ಫ್ಲ್ಯಾಟಿನಲ್ಲಿ ಬೆಕ್ಕು ಸಾಕುವವರ ಮುಂದಿರುವ ದಾರಿಗಳು

ಕಲಬುರಗಿಯ ಸೇಡಂ ರಸ್ತೆ, ಜೇವರ್ಗಿ ರಸ್ತೆ ಕಡೆ ಹೋದರೆ ಈಗ ಅಪಾರ್ಟ್‌ಮೆಂಟುಗಳೇ ಜಾಸ್ತಿ. ಓಣಿಯ ಮನೆಗಳಲ್ಲಿ ಬೆಕ್ಕು ಮಾಳಿಗೆಯಿಂದ ಮಾಳಿಗೆಗೆ ಹಾರಿಕೊಂಡು ಇರುತ್ತಿತ್ತು. ಯಾರ ಬೆಕ್ಕು ಅಂತ ಯಾರೂ ಕೇಳುತ್ತಿರಲಿಲ್ಲ. ಫ್ಲ್ಯಾಟಿನಲ್ಲಿ ಹಾಗಾಗುವುದಿಲ್ಲ. ಬಾಗಿಲು ಎದುರುಬದುರು, ನಡುವೆ ನಾಲ್ಕೈದು ಅಡಿ ಜಾಗ. ಆ ಮನೆಯ ಹುಡುಗನಿಗೆ ಸೀನು ನಿಲ್ಲುತ್ತಿಲ್ಲ, ಕಣ್ಣು ಕೆಂಪಾಗುತ್ತಿದೆ, ರಾತ್ರಿ ಕೆಮ್ಮು. ಡಾಕ್ಟರು ಬೆಕ್ಕಿನ ಅಲರ್ಜಿ ಅಂದಿದ್ದಾರೆ. ಈಗ ಏನು ಮಾಡುವುದು?

ಇಂಥ ಹೊತ್ತಿನಲ್ಲಿ ಸಿಗುವ ಸಲಹೆ ಎರಡೇ ಥರ. "ಬೆಕ್ಕು ಎಲ್ಲ್ಯಾರ ಬಿಟ್ಟು ಬರ್ರಿ" ಅನ್ನುವವರು ಒಂದು ಕಡೆ. "ನಮ್ಮ ಮನಿ, ನಮ್ಮ ಬೆಕ್ಕು, ಅವರೇನು ಕೇಳೋದು" ಅನ್ನುವವರು ಇನ್ನೊಂದು ಕಡೆ. ಎರಡೂ ನನಗೆ ಒಪ್ಪಿಗೆ ಇಲ್ಲ. ಬೆಕ್ಕೂ ಬೇಕು, ಪಕ್ಕದ ಮನೆಯವರೂ ಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಲರ್ಜಿ ಇರುವವರು ನಿಮ್ಮ ಮನೆಯೊಳಗೇ ಇದ್ದಿದ್ದರೆ ಕಷ್ಟ ಬೇರೆಯೇ ಆಗುತ್ತಿತ್ತು. ಇಲ್ಲಿ ನಡುವೆ ಒಂದು ಗೋಡೆ ಇದೆ. ಅದನ್ನು ದಾಟಿ ಹೋಗುವ ದಾರಿಗಳು ಕೆಲವೇ. ಮೊದಲು ಆ ದಾರಿಗಳನ್ನು ಮುಚ್ಚಬೇಕು, ಸಾವಿರಾರು ರೂಪಾಯಿಯ ಮಷೀನು ಆಮೇಲೆ. ನನ್ನ ಇಡೀ ಲೆಕ್ಕ ಇದರ ಮೇಲೆಯೇ ನಿಂತಿದೆ.

ಮೊದಲು: ಬೆಕ್ಕೇ ಕಾರಣ ಅಂತ ಖಾತ್ರಿ ಆಗಿದೆಯಾ?

ನಮ್ಮ ಭಾಗದಲ್ಲಿ ಸೀನಿಗೆ ಕಾರಣ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿ, ದಾಲ್ ಮಿಲ್ಲುಗಳ ಧೂಳು. ಮಳೆ ಬಂದ ಮೇಲೆ ಖಾಲಿ ಸೈಟುಗಳಲ್ಲೆಲ್ಲ ಕಾಂಗ್ರೆಸ್ ಕಸ ಹೂಬಿಟ್ಟು ನಿಲ್ಲುತ್ತದೆ. ಗಾದಿ, ತಲೆದಿಂಬಿನಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳ. ವರ್ಷಗಟ್ಟಲೆ ಬದಲಿಸದ ಕೂಲರ್ ಪ್ಯಾಡಿನಲ್ಲಿ ಬೂಷ್ಟು. ಇವೆಲ್ಲ ಬೆಕ್ಕಿನಷ್ಟೇ ಸೀನು ತರಿಸುತ್ತವೆ. ಬೆಕ್ಕು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಅಪವಾದ ಅದರ ಮೇಲೆ ಬೇಗ ಬರುತ್ತದೆ.

ಪರೀಕ್ಷೆ ಎರಡು ಬಗೆ. ಒಂದರಲ್ಲಿ ಕೈಯ ಚರ್ಮದ ಮೇಲೆ ಬೇರೆ ಬೇರೆ ವಸ್ತುಗಳ ಹನಿ ಹಾಕಿ ಸಣ್ಣಗೆ ಚುಚ್ಚುತ್ತಾರೆ. 15-20 ನಿಮಿಷದಲ್ಲಿ ಯಾವುದು ಉಬ್ಬಿತು ಅಂತ ಗೊತ್ತಾಗುತ್ತದೆ. ಧೂಳಿನ ಹುಳ, ಕಾಂಗ್ರೆಸ್ ಕಸ, ಬೆಕ್ಕು ಎಲ್ಲವನ್ನೂ ಒಟ್ಟಿಗೇ ನೋಡಬಹುದು. ಆದರೆ ಅಲರ್ಜಿ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವಾರ ಮೊದಲೇ ನಿಲ್ಲಿಸಬೇಕು, ಅದನ್ನು ಡಾಕ್ಟರೇ ಹೇಳಬೇಕು. ಇನ್ನೊಂದು ರಕ್ತದ ಐಜಿಇ ಪರೀಕ್ಷೆ, ಅಂದರೆ ಅಲರ್ಜಿ ಇದ್ದಾಗ ರಕ್ತದಲ್ಲಿ ಏರುವ ಪ್ರತಿಕಾಯದ ಲೆಕ್ಕ. ಇದಕ್ಕೆ ಮಾತ್ರೆ ನಿಲ್ಲಿಸಬೇಕಾಗಿಲ್ಲ, ಚಿಕ್ಕ ಮಕ್ಕಳಿಗೆ, ಚರ್ಮದ ತೊಂದರೆ ಇರುವವರಿಗೆ ಅನುಕೂಲ. ಖರ್ಚು ಜಾಸ್ತಿ, ರಿಪೋರ್ಟು ತಡ. ಇಲ್ಲಿ ಒಂದು ಮಾತು ನೆನಪಿಡಿ. ಬರೀ "ಒಟ್ಟು ಐಜಿಇ ಜಾಸ್ತಿ ಇದೆ" ಅಂದರೆ ಅದು ಬೆಕ್ಕಿನ ಮಾತಲ್ಲ. ಹೊಟ್ಟೆಯಲ್ಲಿ ಜಂತು ಇದ್ದರೂ ಅದು ಏರುತ್ತದೆ. ಬೆಕ್ಕಿಗೇ ಪ್ರತ್ಯೇಕವಾಗಿ ನೋಡಿದ ಅಂಕಿ ಬೇಕು.

ಪರೀಕ್ಷೆಗೆ ಹೋಗಿ ಅಂತ ಅವರಿಗೆ ಹೇಳುವುದು ಹೇಗೆ? "ನಮ್ಮ ಬೆಕ್ಕಿಂದ ಅಲ್ಲ, ಪ್ರೂಫ್ ತೋರಿಸ್ರಿ" ಅಂದರೆ ಮಾತು ಅಲ್ಲಿಗೇ ಮುರಿಯುತ್ತದೆ. "ಅಕ್ಕಾರ, ಯಾವಾಗ ಜಾಸ್ತಿ ಆಗ್ತದ್ರಿ? ಮುಂಜಾನೆನಾ, ರಾತ್ರಿನಾ? ಲಿಫ್ಟ್ ಹತ್ರಾನಾ, ಮನಿ ಒಳಗಾ?" ಅಂತ ಕೇಳಿ ನೋಡಿ. ಈ ಉತ್ತರದಿಂದಲೇ ಅರ್ಧ ವಿಷಯ ಹೊರಬರುತ್ತದೆ. ಕಾರಿಡಾರಿಗೆ ಬಂದ ಕೂಡಲೇ ಕಣ್ಣು ತುರಿಸಿದರೆ ಬೆಕ್ಕಿನ ಮೇಲೆ ಗುಮಾನಿ ಸರಿ. ಹಾಸಿಗೆಯಿಂದ ಎದ್ದ ತಕ್ಷಣ ಸಾಲುಸಾಲು ಸೀನು ಬಂದರೆ ಗಾದಿಯನ್ನೂ ನೋಡಬೇಕು.

ಗೋಡೆ ದಾಟುವುದು ಏನು?

ಬಹಳ ಜನ ಕೂದಲಿಂದ ಅಲರ್ಜಿ ಅಂದುಕೊಂಡಿದ್ದಾರೆ. ಕೂದಲು ಬರೀ ಹೊರುವ ಆಳು. ತೊಂದರೆ ಕೊಡುವುದು ಬೆಕ್ಕಿನ ಜೊಲ್ಲಿನಲ್ಲೂ ಚರ್ಮದ ಎಣ್ಣೆ ಗ್ರಂಥಿಯಲ್ಲೂ ಆಗುವ ಒಂದು ಪ್ರೋಟೀನು. ಅದರ ಹೆಸರು ಫೆಲ್ ಡಿ 1. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತದೆ ಅಲ್ವಾ? ಆ ಜೊಲ್ಲು ಒಣಗಿ, ಚರ್ಮದ ಹೊಟ್ಟಿನ ಜೊತೆ ಪುಡಿಯಾಗಿ ಉದುರುತ್ತದೆ. ಧೂಳಿನ ಹುಳದ ಅಲರ್ಜಿ ವಸ್ತು ಭಾರ, ಎಬ್ಬಿಸಿದರೂ ಬೇಗ ನೆಲಕ್ಕೆ ಕೂರುತ್ತದೆ. ಬೆಕ್ಕಿನದು ಹಾಗಲ್ಲ. ಅದರಲ್ಲಿ ಒಂದು ಪಾಲು ಎಷ್ಟು ಸಣ್ಣದೆಂದರೆ ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ಒಂದು ಮನೆಯಲ್ಲಿ ಒಣಮೆಣಸಿನಕಾಯಿ ಹುರಿದರೆ ಎದುರು ಮನೆಯವರೂ ಕೆಮ್ಮುವ ಹಾಗೆ, ಬಾಗಿಲು ತೆರೆದಿದ್ದರೆ ಇದೂ ಹೋಗುತ್ತದೆ.

ಇನ್ನೊಂದು ಗುಣ, ಇದು ಅಂಟು. ಬಟ್ಟೆಗೆ, ಸೋಫಾಗೆ, ಪರದೆಗೆ ಹಿಡಿದುಕೊಳ್ಳುತ್ತದೆ. ಬೆಕ್ಕೇ ಇಲ್ಲದ ಮನೆಗಳಲ್ಲಿ, ಶಾಲೆಗಳಲ್ಲೂ ಇದು ಸಿಕ್ಕಿದೆ. ಬೆಕ್ಕು ಸಾಕಿದವರ ಬಟ್ಟೆಯ ಮೇಲೆ ಕೂತು ಅಲ್ಲಿಗೆ ಹೋಗಿದ್ದು.

ಅಂದರೆ ಪಕ್ಕದ ಮನೆಗೆ ದಾರಿ ಮೂರು: ಬಾಗಿಲು-ಕಿಟಕಿಯ ಗಾಳಿ, ನಮ್ಮ ಮೈಮೇಲಿನ ಬಟ್ಟೆ, ಬೆಕ್ಕು ತಾನೇ ಓಡಾಡುವ ಜಾಗ. ಕೆಳಗಿನ ಯಾವ ಉಪಾಯ ನೋಡಿದರೂ ಇದು ಈ ಮೂರರಲ್ಲಿ ಯಾವುದನ್ನು ತಡೆಯುತ್ತದೆ ಅಂತ ಕೇಳಿಕೊಳ್ಳಿ. ಯಾವುದನ್ನೂ ತಡೆಯದಿದ್ದರೆ ದುಡ್ಡು ಖರ್ಚು ಮಾಡಬೇಡಿ.

ಹೊರಗೆ ಬಿಡುವುದಾ, ಒಳಗೇ ಇಡುವುದಾ?

ಒಳಗೇ ಇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಬಿಟ್ಟ ಬೆಕ್ಕು ಪಾವಟಿಗೆಯ ಮೇಲೆ ಮಲಗುತ್ತದೆ, ಎದುರು ಮನೆಯ ಕಾಲೊರಸಿನ ಮೇಲೆ ಸುತ್ತಿಕೊಂಡು ಕೂರುತ್ತದೆ, ಅವರ ಬಾಲ್ಕನಿಯಲ್ಲಿ ಒಣಹಾಕಿದ ಕೌದಿ ಕಂಡರೆ ಅದರ ಮೇಲೆ ಹತ್ತುತ್ತದೆ. ಆ ಕಾಲೊರಸನ್ನು ತುಳಿದು ಅವರು ಒಳಗೆ ಹೋಗುತ್ತಾರೆ. ಆ ಕೌದಿಯನ್ನು ಹುಡುಗ ರಾತ್ರಿ ಹೊದ್ದು ಮಲಗುತ್ತಾನೆ. ಇದಾದ ಮೇಲೆ ನೀವು ನಿಮ್ಮ ಮನೆಯಲ್ಲಿ ಎಷ್ಟು ಮಷೀನು ಓಡಿಸಿದರೂ ಉಪಯೋಗ ಇಲ್ಲ.

ಒಳಗೆ ಇಡಬೇಕು ಅಂದರೆ ಬಾಲ್ಕನಿಗೆ ಜಾಳಿ ಬೇಕು. ಇಲ್ಲಿ ಆಯ್ಕೆ ಎರಡು. ಪಾರಿವಾಳಕ್ಕೆ ಹಾಕುವ ನೈಲಾನ್ ಬಲೆ ಅಗ್ಗ, ಅರ್ಧ ದಿನದಲ್ಲಿ ಹಾಕಿ ಹೋಗುತ್ತಾರೆ. ಆದರೆ ಬೆಕ್ಕು ಕಚ್ಚಿ ಹರಿಯುತ್ತದೆ, ನಮ್ಮ ಬಿಸಿಲಿಗೆ ದಾರ ಬೇಗ ಪುಡಿಯಾಗುತ್ತದೆ. ಸ್ಟೀಲ್ ಜಾಳಿಯನ್ನು ಚೌಕಟ್ಟಿಗೆ ಕೂರಿಸಿದರೆ ಖರ್ಚು ಜಾಸ್ತಿ, ಬಾಳಿಕೆಯೂ ಜಾಸ್ತಿ. ಬಾಡಿಗೆ ಮನೆ ಆದರೆ ನೈಲಾನ್ ಹಾಕಿ ಆಗಾಗ ಎಳೆದು ನೋಡಿ. ಸ್ವಂತದ್ದಾದರೆ ಸ್ಟೀಲೇ ಸರಿ. ನೆನಪಿಡಿ, ಜಾಳಿ ಬೆಕ್ಕನ್ನು ತಡೆಯುತ್ತದೆ, ಗಾಳಿಯನ್ನಲ್ಲ. ಬೆಕ್ಕಿನ ಮೈ ಬಾಚುವುದು, ಅದರ ಹಾಸಿಗೆ ಜಾಡಿಸುವುದು ಬಾಲ್ಕನಿಯಲ್ಲಿ ಬೇಡ.

ಜಾಡಿಸುವ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಅಪಾರ್ಟ್‌ಮೆಂಟಿನಲ್ಲಿ ಮುಂಜಾನೆ ಎದ್ದು ನೋಡಿ. ಮೂರನೇ ಮಹಡಿಯಲ್ಲಿ ಕೌದಿಯನ್ನು ಕಟಾಂಜನದ ಮೇಲೆ ಹಾಕಿ ಕೈಯಿಂದ ಪಟಪಟ ಬಡಿಯುತ್ತಾರೆ. ಬಿಸಿಲಿನ ಕೋಲಿನಲ್ಲಿ ಆ ಧೂಳು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಸ್ವಲ್ಪ ಕೆಳಗಿನ ಬಾಲ್ಕನಿಗೆ, ಸ್ವಲ್ಪ ಕೆಳಗಿನ ಅಡಿಗೆಮನೆ ಕಿಟಕಿಗೆ. ಬೆಕ್ಕು ಮಲಗಿದ ಕೌದಿ ಅದಾಗಿದ್ದರೆ ಒಂದು ವಾರದ ಹೊಟ್ಟು ಒಂದೇ ನಿಮಿಷದಲ್ಲಿ ಕೆಳಗಿನವರ ಮನೆ ಸೇರಿತು ಅಂತಲೇ ಅರ್ಥ. ಬೆಕ್ಕಿಗೆ ತೊಳೆಯಲು ಬರುವ ತೆಳು ಹಾಸು ಕೊಡಿ. ವಾರಕ್ಕೊಮ್ಮೆ ಬಿಸಿ ನೀರಲ್ಲಿ ಹಾಕಿ ಒಗೆಯಿರಿ. ಕೌದಿ, ಜಮಖಾನೆ ಅದರ ಕೈಗೆ ಸಿಗದಂತೆ ಕಪಾಟಿನಲ್ಲಿಡಿ.

ಕಾರಿಡಾರು, ಪಾವಟಿಗೆಗಳಲ್ಲಿ ಕಸಬರಿಗೆ ಬದಲು ಒದ್ದೆ ಬಟ್ಟೆ ಓಡಾಡಬೇಕು. ಒಣ ಕಸಬರಿಗೆ ಕೂತಿದ್ದನ್ನು ಮತ್ತೆ ಎಬ್ಬಿಸುತ್ತದೆ. ನಮ್ಮಲ್ಲಿ ಬಹಳ ಕಡೆ ಶಹಾಬಾದ್ ಕಲ್ಲಿನ ಪಾವಟಿಗೆ ಇರುವುದು ಒಳ್ಳೆಯದೇ ಆಯಿತು, ಒರೆಸಿದರೆ ಚೊಕ್ಕಟ ಆಗುತ್ತದೆ. ಎರಡು ಮನೆಗಳ ನಡುವಿನ ಜಾಗವನ್ನು ಬೆಕ್ಕು ಸಾಕಿದವರೇ ದಿನಾ ಒಮ್ಮೆ ಒರೆಸಿದರೆ ಧೂಳೂ ಹೋಗುತ್ತದೆ, ಮನಸ್ಸಿನ ಮುನಿಸೂ ಕಡಿಮೆ ಆಗುತ್ತದೆ. ವ್ಯಾಕ್ಯೂಮ್ ಕ್ಲೀನರ್ ತೆಗೆದುಕೊಳ್ಳುವುದಾದರೆ ಬಹಳ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದನ್ನೇ ತೆಗೆದುಕೊಳ್ಳಿ. ಸಾದಾದ್ದು ಮುಂದಿನಿಂದ ಎಳೆದು ಸಣ್ಣ ಕಣವನ್ನೆಲ್ಲ ಹಿಂದಿನಿಂದ ಊದುತ್ತದೆ.

ಬಟ್ಟೆಯ ವಿಷಯ ಸಣ್ಣದು ಅನಿಸುತ್ತದೆ, ಆದರೆ ಅಲ್ಲ. ನಮ್ಮಲ್ಲಿ ಎಳ್ಳಮಾವಾಸ್ಯೆಗೆ ಭಜ್ಜಿ-ಸಜ್ಜಿರೊಟ್ಟಿ, ರಂಜಾನ್‌ಗೆ ಶೀರ್ ಖುರ್ಮಾ ಮನೆಯಿಂದ ಮನೆಗೆ ಹೋಗಲೇಬೇಕು. ಅದು ನಿಲ್ಲಬಾರದು. ಬೆಕ್ಕು ತೊಡೆಯ ಮೇಲೆ ಕೂತಿದ್ದ ಸೀರೆ, ನೈಟಿಯಲ್ಲೇ ಹೋಗಿ ಅವರ ಸೋಫಾ ಮೇಲೆ ಕೂರುವುದು ಮಾತ್ರ ಬೇಡ. ಒಗೆದ ಬಟ್ಟೆ ಹಾಕಿಕೊಂಡು, ಕೈ ತೊಳೆದುಕೊಂಡು ಹೋಗಿ. ಅವರ ಹುಡುಗ ನಿಮ್ಮಲ್ಲಿ ಆಡಲು ಬರುತ್ತಿದ್ದರೆ ಈಗ ನಿಮ್ಮ ಮಗುವೇ ಅಲ್ಲಿಗೆ ಹೋಗಲಿ, ಬಟ್ಟೆ ಬದಲಿಸಿಕೊಂಡು.

ಕೂಲರ್ ಮತ್ತು ಎಸಿ

ಬೇರೆ ಊರಿನ ಸಲಹೆಗಳಲ್ಲಿ ಈ ಮಾತೇ ಇರುವುದಿಲ್ಲ. ನಮಗೆ ಇದೇ ಮುಖ್ಯ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ, ಹೆಚ್ಚಿನ ಮನೆಗಳಲ್ಲಿ ಕೂಲರೇ ಗತಿ.

ಕೂಲರ್ ಕೆಲಸ ಮಾಡುವ ರೀತಿ ನೋಡಿ. ಹೊರಗಿನ ಒಣ ಗಾಳಿಯನ್ನು ಒದ್ದೆ ಪ್ಯಾಡಿನ ಮೂಲಕ ಎಳೆದು ಮನೆಯೊಳಗೆ ತಳ್ಳುತ್ತದೆ. ಒಳಗೆ ಬಂದಷ್ಟು ಗಾಳಿ ಇನ್ನೊಂದು ಕಡೆಯಿಂದ ಹೊರಗೆ ಹೋಗಲೇಬೇಕು. ಇಲ್ಲದಿದ್ದರೆ ಮನೆ ಚಿಟಿಚಿಟಿ ಆಗುತ್ತದೆ, ತಂಪಾಗುವುದಿಲ್ಲ. ಆ ಇನ್ನೊಂದು ಕಡೆ ಯಾವುದು? ಬಹಳಷ್ಟು ಫ್ಲ್ಯಾಟುಗಳಲ್ಲಿ ತಲೆಬಾಗಿಲು. ಜಾಳಿ ಬಾಗಿಲು ಹಾಕಿ, ಮರದ ಬಾಗಿಲು ತೆರೆದಿಟ್ಟು ಕೂರುತ್ತಾರೆ. ಅಂದರೆ ಇಡೀ ಮನೆಯ ಗಾಳಿ, ಬೆಕ್ಕಿನ ಹೊಟ್ಟಿನ ಸಮೇತ, ದಿನವಿಡೀ ಕಾರಿಡಾರಿಗೆ ಹೋಗುತ್ತಿದೆ. ಎದುರು ಮನೆಯವರೂ ಬಾಗಿಲು ತೆರೆದಿದ್ದರೆ ಕೇಳುವುದೇ ಬೇಡ. ಬೇಸಿಗೆಯಲ್ಲಷ್ಟೇ ಹುಡುಗನಿಗೆ ಜಾಸ್ತಿ ಆಗುತ್ತದೆ ಅಂತ ಅವರು ಹೇಳಿದರೆ ನಾನು ಮೊದಲು ನೋಡುವುದು ಈ ಬಾಗಿಲನ್ನೇ.

ತಿಳಿಯುವುದು ಸುಲಭ. ದೀಪದ ಬತ್ತಿಗೆ ಇಟ್ಟಿರುವ ಹತ್ತಿಯಿಂದ ಒಂದು ತೆಳು ಎಳೆ ಎಳೆದು, ಕೂಲರ್ ಹಚ್ಚಿ, ತಲೆಬಾಗಿಲ ಜಾಳಿಯ ಹತ್ತಿರ ಹಿಡಿಯಿರಿ. ಎಳೆ ಹೊರಗಡೆ ವಾಲಿದರೆ ಗಾಳಿ ಹೊರಗೆ ಹೋಗುತ್ತಿದೆ. ಈಗ ಆ ಬಾಗಿಲು ಹಾಕಿ, ಅಡಿಗೆಮನೆಯದೋ ಬಚ್ಚಲಿನದೋ ರಸ್ತೆ ಕಡೆಯ ಕಿಟಕಿ ತೆರೆಯಿರಿ. ಅಲ್ಲಿ ಎಳೆ ಹಿಡಿದು ನೋಡಿ. ಕೂಲರ್ ಗಾಳಿ ಬಯಲಿನ ಕಡೆ ಹೋಗುವ ಹಾಗೆ ಕಿಟಕಿ ಹೊಂದಿಸಿದರೆ ತಂಪೂ ಉಳಿಯುತ್ತದೆ, ಕಾರಿಡಾರೂ ಉಳಿಯುತ್ತದೆ. ಇದಕ್ಕೆ ಅಗರಬತ್ತಿ ಹಚ್ಚಬೇಡಿ, ಅದರ ಹೊಗೆ ಅಲರ್ಜಿ ಇರುವ ಮೂಗಿಗೆ ಇನ್ನೊಂದು ತೊಂದರೆ.

ಅವರ ಕೂಲರ್ ಎಲ್ಲಿದೆ ಅಂತಲೂ ನೋಡಿ. ಡಕ್ಟಿನ ಕಡೆ ಅಥವಾ ನಿಮ್ಮ ಬಾಲ್ಕನಿಗೆ ಅಂಟಿಕೊಂಡ ಬಾಲ್ಕನಿಯಲ್ಲಿದ್ದರೆ ಅದು ಎಳೆಯುವುದು ನಿಮ್ಮ ಬೆಕ್ಕಿನ ಕಡೆಯ ಗಾಳಿಯನ್ನೇ. ಅವರ ಕೂಲರನ್ನು ಬೇರೆ ಕಿಟಕಿಗೆ ಸರಿಸಲು ಆಗದಿದ್ದರೆ ನಿಮ್ಮ ಬೆಕ್ಕನ್ನು, ಅದು ಹೇಲು-ಉಚ್ಚೆ ಮಾಡುವ ಮಣ್ಣು ತುಂಬಿದ ತಟ್ಟೆಯನ್ನು ಬೇರೆ ಕಡೆಗೆ ಸರಿಸಿ. ತಟ್ಟೆ ಬಚ್ಚಲಲ್ಲಿ ಇದ್ದರೆ ಒಳ್ಳೆಯದು. ಧೂಳೇಳುವ ಮಣ್ಣು ಹಾಕಬೇಡಿ.

ಎಸಿ ಹೇಗೆ? ಗೋಡೆಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಸುತ್ತಿಸುತ್ತದೆ, ಬಾಗಿಲು-ಕಿಟಕಿ ಮುಚ್ಚಿರುತ್ತದೆ. ಹಾಗಾಗಿ ನಿಮ್ಮ ಮನೆಯಲ್ಲಿ ಎಸಿ ಇದ್ದರೆ ಪಕ್ಕದವರಿಗೆ ಹೋಗುವುದು ಕಡಿಮೆ. ಆದರೆ ಒಳಗೆ ಎಲ್ಲ ಸೇರಿಕೊಂಡು ಕೂರುತ್ತದೆ, ಅವರು ನಿಮ್ಮಲ್ಲಿಗೆ ಬಂದರೆ ಒದ್ದಾಟ ಜಾಸ್ತಿ. ಇರುವ ಒಂದೇ ಎಸಿ ಅಲರ್ಜಿ ಇರುವ ಹುಡುಗನ ಮಲಗುವ ಕೋಣೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಹೊಸ ಎಸಿ ಕೊಳ್ಳಲು ಇದೊಂದೇ ಕಾರಣ ಸಾಲದು. ಕೂಲರಿನ ಗಾಳಿಯ ದಾರಿ ತಿರುಗಿಸಲು ಖರ್ಚೇ ಇಲ್ಲ, ಮೊದಲು ಅದನ್ನು ಮಾಡಿ.

ಏರ್ ಪ್ಯೂರಿಫೈಯರ್: ಯಾರ ಮನೆಯಲ್ಲಿ?

ಒಳ್ಳೆಯ ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡಾ ಹಿಡಿಯುತ್ತದೆ. ಬೆಕ್ಕಿನ ಅಲರ್ಜಿ ಕಣ ಇದಕ್ಕೆ ಸುಲಭವಾಗಿ ಸಿಗುತ್ತದೆ. ಆದರೆ ಮಷೀನು ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಿಮ್ಮ ಹಾಲಿನಲ್ಲಿ ಇಟ್ಟರೆ ಬೆಕ್ಕು ಉದುರಿಸುತ್ತಲೇ ಇರುತ್ತದೆ, ಮಷೀನು ಹಿಡಿಯುತ್ತಲೇ ಇರುತ್ತದೆ, ಬಾಗಿಲು ತೆರೆದರೆ ಅಷ್ಟೂ ವ್ಯರ್ಥ. ಅವರ ಮನೆಯ ಮಲಗುವ ಕೋಣೆಯಲ್ಲಿ ಇಟ್ಟರೆ ಹುಡುಗ ಮಲಗುವ ಎಂಟು ಗಂಟೆ ಅವನಿಗೆ ಚೊಕ್ಕ ಗಾಳಿ ಸಿಗುತ್ತದೆ. ಒಂದೇ ಮಷೀನಿಗೆ ದುಡ್ಡಿದ್ದರೆ ಅದು ಅವರ ಮನೆಗೇ ಹೋಗಬೇಕು. ಬೆಕ್ಕು ನಮ್ಮದು, ದುಡ್ಡೂ ನಾವೇ ಕೊಡಬೇಕು, ಇಲ್ಲವೇ ಅರ್ಧವಾದರೂ ಕೊಡಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಕೊಳ್ಳುವಾಗ ಡಬ್ಬಿಯ ಮೇಲೆ ಸಿಎಡಿಆರ್ ಅಂತ ಒಂದು ಅಂಕಿ ನೋಡಿ. ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಶುದ್ಧ ಮಾಡುತ್ತದೆ ಅನ್ನುವುದು ಅದು. 12 ಅಡಿಗೆ 12 ಅಡಿ ಕೋಣೆ, 10 ಅಡಿ ಎತ್ತರ ಅಂದರೆ 1,440 ಘನ ಅಡಿ, ಹತ್ತಿರ ಹತ್ತಿರ 41 ಘನ ಮೀಟರ್. ಗಂಟೆಗೆ ಐದು ಸಲ ಆ ಗಾಳಿ ಫಿಲ್ಟರಿನ ಮೂಲಕ ಹೋಗಬೇಕು ಅಂದರೆ 200ಕ್ಕಿಂತ ಹೆಚ್ಚಿನ ಸಿಎಡಿಆರ್ ಬೇಕು. ಆ ಅಂಕಿ ಮಷೀನಿನ ಅತಿ ಜೋರು ವೇಗದ್ದು. ರಾತ್ರಿ ಸದ್ದು ಬೇಡ ಅಂತ ನಿಧಾನಕ್ಕೆ ಇಟ್ಟರೆ ಅಷ್ಟು ಸಿಗುವುದಿಲ್ಲ, ಅದಕ್ಕೆ ಸ್ವಲ್ಪ ದೊಡ್ಡದೇ ಇರಲಿ. ನಮ್ಮ ಧೂಳಿಗೆ ಫಿಲ್ಟರ್ ಬೇಗ ತುಂಬುತ್ತದೆ. ಹೊಸ ಫಿಲ್ಟರಿನ ಬೆಲೆ ಕೇಳಿಯೇ ಮಷೀನು ಆರಿಸಿ. ಓಝೋನ್ ಬಿಡುವ ಮಷೀನು ಬೇಡವೇ ಬೇಡ, ದಮ್ಮು ಇರುವವರಿಗೆ ಅದು ಇನ್ನೂ ಕೆಟ್ಟದ್ದು.

ಕೂಲರ್ ಮತ್ತು ಪ್ಯೂರಿಫೈಯರ್ ಒಂದೇ ಕೋಣೆಯಲ್ಲಿ ಒಟ್ಟಿಗೆ ಹಚ್ಚಿದರೆ ದಂಡ. ಕೂಲರ್ ನಿಮಿಷ ನಿಮಿಷಕ್ಕೂ ಹೊರಗಿನ ಹೊಸ ಗಾಳಿ ತಂದು ಸುರಿಯುತ್ತದೆ, ಪ್ಯೂರಿಫೈಯರ್ ಅದನ್ನು ಹಿಂದೆ ಹಾಕಲಾರದು. ಅವರ ಮಲಗುವ ಕೋಣೆಗೆ ಕೂಲರೇ ಇದ್ದರೆ ಬೇಸಿಗೆಯ ಮೂರು ತಿಂಗಳು ಈ ಮಷೀನಿನಿಂದ ಹೆಚ್ಚು ನಿರೀಕ್ಷೆ ಬೇಡ. ಜೂನ್‌ನಿಂದ ಫೆಬ್ರವರಿವರೆಗೆ ಅದು ಕೆಲಸಕ್ಕೆ ಬರುತ್ತದೆ.

ಬೆಕ್ಕಿಗೇ ಮಾಡುವ ಉಪಾಯಗಳು

ಸ್ನಾನ: ತೊಳೆದರೆ ಮೈಮೇಲಿನ ಅಲರ್ಜಿ ವಸ್ತು ಕಡಿಮೆ ಆಗುವುದು ನಿಜ, ಆದರೆ ಎರಡು ಮೂರು ದಿನಕ್ಕೆ ಮತ್ತೆ ಮೊದಲಿನಂತೆಯೇ. ವಾರಕ್ಕೆರಡು ಸಲ ಬೆಕ್ಕಿಗೆ ಸ್ನಾನ ಮಾಡಿಸುವುದು ಬೆಕ್ಕಿಗೂ ಹಿಂಸೆ, ನಿಮಗೂ. ನಾನಂತೂ ಇದನ್ನು ಹೇಳುವುದಿಲ್ಲ. ಒದ್ದೆ ಬಟ್ಟೆಯಿಂದ ಮೈ ಒರೆಸುವುದು ಸಾಧ್ಯ.

ಗಂಡು ಬೆಕ್ಕಾದರೆ ಸಂತಾನಹರಣ ಮಾಡಿಸಿ. ಬೀಜ ಇರುವ ಗಂಡಿನಲ್ಲಿ ಫೆಲ್ ಡಿ 1 ಜಾಸ್ತಿ, ಆಪರೇಷನ್ ಆದ ಮೇಲೆ ಇಳಿಯುತ್ತದೆ. ಪಾವಟಿಗೆಯಲ್ಲಿ ಉಚ್ಚೆ ಸಿಂಪಡಿಸುವುದೂ ಕಡಿಮೆ ಆಗುತ್ತದೆ, ಅಕ್ಕಪಕ್ಕದವರ ದೂರಿನಲ್ಲಿ ಅರ್ಧ ಅದರದ್ದೇ ಇರುತ್ತದೆ. ಬೀದರಿನವರಿಗೆ ಊರಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಕಾಲೇಜು ಇವೆ. ಕಲಬುರಗಿ, ಯಾದಗಿರಿಯವರು ಮೊದಲು ತಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಬೆಕ್ಕಿನ ಆಪರೇಷನ್ ಮಾಡಿ ರೂಢಿ ಇರುವ ಡಾಕ್ಟರು ಯಾರು ಅಂತ ವಿಚಾರಿಸಲಿ. ದನ-ಎಮ್ಮೆ ನೋಡುವ ಕೈಗೂ ಬೆಕ್ಕಿನ ಅರಿವಳಿಕೆಗೂ ಫರಕು ಇದೆ. ಈ ಗುಂಪಿನಲ್ಲಿ ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಆಹಾರ: ಪ್ಯೂರಿನಾ ಕಂಪನಿ 2020ರಲ್ಲಿ ಒಂದು ಬೆಕ್ಕಿನ ಆಹಾರ ಹೊರತಂದಿತು. ಅದರಲ್ಲಿ ಕೋಳಿಮೊಟ್ಟೆಯಿಂದ ತೆಗೆದ ಒಂದು ವಸ್ತು ಇದೆ. ಬೆಕ್ಕು ಅಗಿಯುವಾಗ ಅದು ಜೊಲ್ಲಿನಲ್ಲಿರುವ ಫೆಲ್ ಡಿ 1ಕ್ಕೆ ಅಂಟಿ ಅದರ ಶಕ್ತಿ ಕುಗ್ಗಿಸುತ್ತದೆ. ಮೂರನೇ ವಾರದಿಂದ ಕೂದಲ ಮೇಲಿನ ಅಲರ್ಜಿ ವಸ್ತು ಸರಾಸರಿ 47 ಶೇಕಡಾ ಇಳಿದಿದೆ ಅಂತ ಕಂಪನಿಯ ಅಧ್ಯಯನ ಹೇಳುತ್ತದೆ. ದಿನಾ ಅದನ್ನೇ ಹಾಕಬೇಕು, ನಡುವೆ ಬಿಟ್ಟರೆ ಮತ್ತೆ ಏರುತ್ತದೆ. ಪ್ರತಿ ತಿಂಗಳು ತಪ್ಪದೆ ಸಿಗುತ್ತದಾ, ನಿಮ್ಮ ಜೇಬಿಗೆ ತಾಳುತ್ತದಾ ಅಂತ ನೋಡಿಯೇ ಶುರು ಮಾಡಿ. ದಾರಿಗಳನ್ನು ಮುಚ್ಚಿದ ಮೇಲೂ ತೊಂದರೆ ಉಳಿದರೆ ಇದು ಒಳ್ಳೆಯ ಎರಡನೇ ಹೆಜ್ಜೆ.

ಅಲರ್ಜಿ ಬರದ ತಳಿ ಅಂತ ಹೇಳಿ ಬೆಕ್ಕು ಮಾರುವವರನ್ನು ನಂಬಬೇಡಿ. ಹಾಗೆ ಯಾವ ತಳಿಯೂ ಇಲ್ಲ. ಕೂದಲೇ ಇಲ್ಲದ ಬೆಕ್ಕಿಗೂ ಜೊಲ್ಲು, ಚರ್ಮ ಇದ್ದೇ ಇದೆ. ಉದ್ದ ಕೂದಲಿನ ಪರ್ಷಿಯನ್ ಬೆಕ್ಕಂತೂ ನಮ್ಮ ಬೇಸಿಗೆಯಲ್ಲಿ ತಾನೇ ನರಳುತ್ತದೆ. ಕೂದಲು ಬೋಳಿಸಿದರೂ ಅಲರ್ಜಿ ಹೋಗುವುದಿಲ್ಲ.

ಔಷಧದ ದಾರಿ

ಇದು ಅವರ ಮೈ, ಅವರ ಡಾಕ್ಟರು. ನಾವು "ಒಂದು ಮಾತ್ರೆ ತಗೋರಿ, ಆರಾಮ ಆಗ್ತದ" ಅನ್ನುವ ಹಾಗಿಲ್ಲ. ಆದರೂ ಏನೇನು ಇದೆ ಅಂತ ಗೊತ್ತಿದ್ದರೆ ಮಾತಿಗೆ ಅನುಕೂಲ. ಸಿಟ್ರಿಜಿನ್, ಫೆಕ್ಸೊಫೆನಡಿನ್ ಥರದ ಮಾತ್ರೆಗಳು ಅಗ್ಗ. ಸೀನು, ತುರಿಕೆಗೆ ಬೇಗ ಕೆಲಸ ಮಾಡುತ್ತವೆ, ಕಟ್ಟಿದ ಮೂಗಿಗೆ ಅಷ್ಟಿಲ್ಲ. ಅವಿಲ್‌ನಂಥ ಹಳೆಯ ಮಾತ್ರೆ ನಿದ್ದೆ ತರಿಸುತ್ತದೆ, ಶಾಲೆಗೆ ಹೋಗುವ ಮಗುವಿಗೂ ಗಾಡಿ ಓಡಿಸುವವರಿಗೂ ಅದು ಕಷ್ಟ. ಮೂಗಿಗೆ ಹೊಡೆಯುವ ಸ್ಟಿರಾಯ್ಡ್ ಸ್ಪ್ರೇ ಕಟ್ಟಿದ ಮೂಗಿಗೆ ಹೆಚ್ಚು ಒಳ್ಳೆಯದು, ಆದರೆ ದಿನಾ ಹಾಕಬೇಕು, ಪೂರ್ತಿ ಗುಣ ಕಾಣಲು ಕೆಲವು ದಿನ ಬೇಕು. ಎರಡು ದಿನ ಹಾಕಿ "ಏನೂ ಆಗಲಿಲ್ಲ" ಅಂತ ಬಿಡುವವರೇ ಬಹಳ.

ಅಲರ್ಜಿ ಇಂಜೆಕ್ಷನ್ ಚಿಕಿತ್ಸೆ ಬೇರುಮಟ್ಟದ್ದು. ಬೆಕ್ಕಿನ ಅಲರ್ಜಿ ವಸ್ತುವನ್ನೇ ಬಹಳ ಸಣ್ಣ ಪ್ರಮಾಣದಿಂದ ಶುರು ಮಾಡಿ ಮೈಗೆ ರೂಢಿ ಮಾಡಿಸುತ್ತಾರೆ. ಮೂರರಿಂದ ಐದು ವರ್ಷ ಬೇಕು. ಪ್ರತಿ ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು, ಏಕೆಂದರೆ ಅಪರೂಪಕ್ಕೆ ಜೋರಾದ ರಿಯಾಕ್ಷನ್ ಬರಬಹುದು. ದಮ್ಮು ಹತೋಟಿಯಲ್ಲಿ ಇಲ್ಲದವರಿಗೆ ಕೊಡುವುದಿಲ್ಲ. ನಿಮ್ಮ ಬೆಕ್ಕಿಗಾಗಿ ಅವರು ಇಷ್ಟೆಲ್ಲ ಮಾಡಲಿ ಅಂತ ಕೇಳುವುದು ತಪ್ಪು. ಅವರಾಗಿಯೇ ಮಾಡಿಸಿಕೊಂಡರೆ ಅದು ಬೇರೆ ಮಾತು.

ಬೆಕ್ಕನ್ನು ಬೇರೆ ಮನೆಗೆ ಕಳಿಸುವುದು ಯಾವಾಗ?

ಸೀನು, ಕಣ್ಣು ತುರಿಕೆ ಮಾತ್ರ ಇದ್ದರೆ ಈ ಮಾತು ಬೇಡ. ಮೇಲಿನದೆಲ್ಲ ಮಾಡಿ. ಆದರೆ ದಮ್ಮು ಇರುವ ಮಗು ರಾತ್ರಿ ಎದ್ದು ಉಸಿರಿಗೆ ಒದ್ದಾಡುತ್ತಿದ್ದರೆ, ಆಸ್ಪತ್ರೆಗೆ ಓಡುವ ಹಾಗಾಗಿದ್ದರೆ, ಬೆಕ್ಕೇ ಕಾರಣ ಅಂತ ಪರೀಕ್ಷೆ ಹೇಳಿದ್ದರೆ, ಆಗ ನಾನು ಮಗುವಿನ ಕಡೆ ನಿಲ್ಲುತ್ತೇನೆ. ಬೆಕ್ಕಿನ ಮೇಲೆ ಪ್ರೀತಿ ಎಷ್ಟೇ ಇದ್ದರೂ.

ಆಗಲೂ ದಾರಿ ಒಂದೇ ಅಲ್ಲ. ಅದೇ ಊರಲ್ಲಿ ಅಣ್ಣನದೋ ಅಕ್ಕನದೋ ಅಂಗಳ ಇರುವ ಮನೆ ಇದ್ದರೆ ಬೆಕ್ಕು ಅಲ್ಲಿಗೆ ಹೋಗಬಹುದು, ನೀವು ಹೋಗಿ ನೋಡಿ ಬರಬಹುದು. ನೀವು ಬಾಡಿಗೆಯಲ್ಲಿದ್ದರೆ ಕರಾರು ಮುಗಿದಾಗ ಬೇರೆ ಫ್ಲ್ಯಾಟ್ ನೋಡುವುದು ಬೆಕ್ಕನ್ನು ಬಿಡುವುದಕ್ಕಿಂತ ಒಳ್ಳೆಯದು. ಅದೇ ಬಿಲ್ಡಿಂಗಿನ ಬೇರೆ ಮಹಡಿ, ಬೇರೆ ಲಿಫ್ಟ್ ಸಿಕ್ಕರೂ ನಡೆದೀತು.

ಚೀಲದಲ್ಲಿ ಹಾಕಿಕೊಂಡು ಹೋಗಿ ಗಂಜ್ ಕಡೆಯೋ ಊರ ಹೊರಗೋ ಬಿಟ್ಟು ಬರುವುದು ಮಾತ್ರ ಬೇಡ. ಮನೆಯಲ್ಲೇ ಬೆಳೆದ ಬೆಕ್ಕಿಗೆ ಬೇಟೆ ಗೊತ್ತಿಲ್ಲ, ನಾಯಿ ಗೊತ್ತಿಲ್ಲ, ರಸ್ತೆ ಗೊತ್ತಿಲ್ಲ. ಹಸಿವು-ನೀರಡಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ.

"ಹದಿನೈದು ದಿನ ಬೆಕ್ಕನ್ನು ಊರಿಗೆ ಕಳಿಸಿ ನೋಡೋಣ, ಕಡಿಮೆ ಆದರೆ ಬೆಕ್ಕೇ ಕಾರಣ" ಅನ್ನುವ ಪ್ರಯೋಗವನ್ನು ಬಹಳ ಜನ ಮಾಡುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಬೆಕ್ಕು ಹೋದ ಮೇಲೂ ಅದರ ಅಲರ್ಜಿ ವಸ್ತು ಬೆಕ್ಕಿಲ್ಲದ ಮನೆಯ ಮಟ್ಟಕ್ಕೆ ಇಳಿಯಲು ನಾಲ್ಕರಿಂದ ಆರು ತಿಂಗಳು ಬೇಕು. ಸೋಫಾ, ಪರದೆ, ಗಾದಿ ಎಲ್ಲ ತೊಳೆದು ಬದಲಿಸಿದರೆ ಸ್ವಲ್ಪ ಬೇಗ. ಹದಿನೈದು ದಿನಕ್ಕೆ ಸೀನು ನಿಲ್ಲಲಿಲ್ಲ ಅಂತ ಬೆಕ್ಕನ್ನು ನಿರಪರಾಧಿ ಅನ್ನುವುದೂ ತಪ್ಪು, ನಿಂತಿತು ಅಂತ ಹೊಣೆ ಹೊರಿಸುವುದೂ ತಪ್ಪು. ಅಷ್ಟರಲ್ಲಿ ಮಳೆಯೇ ಬಂದು ಧೂಳು ಕೂತಿರಬಹುದು.

ಸಂಘದ ಮೀಟಿಂಗಿಗೆ ಹೋಗುವ ಮುಂಚೆ

ಅಪಾರ್ಟ್‌ಮೆಂಟ್ ಸಂಘಗಳು ಬಹುಮತದಿಂದ ಠರಾವು ಮಾಡಿಯೂ ಸಾಕುನಾಯಿ ನಿಷೇಧಿಸುವ ಹಾಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಅದು ನಾಯಿಗಳ ಬಗ್ಗೆ ಬರೆದದ್ದು, ಬೆಕ್ಕು ಸಾಕುವವರೂ ಅದನ್ನೇ ಮುಂದಿಡುತ್ತಾರೆ. ಆದರೆ ಮಗುವಿಗೆ ಉಸಿರಾಡಲು ಆಗುತ್ತಿಲ್ಲ ಅಂತ ಬಂದ ತಾಯಿಗೆ ಕಾಗದ ತೋರಿಸಿದರೆ ಆ ಮನೆಯ ಬಾಗಿಲು ನಿಮಗೆ ಮತ್ತೆ ತೆರೆಯುವುದಿಲ್ಲ. ಎರಡು ಮನೆಯವರು ಕೂತು ಮಾತಾಡಿ. ನೀವು ಏನೇನು ಮಾಡುತ್ತೀರಿ ಅಂತ ಹೇಳಿ, ಹೇಳಿದ್ದನ್ನು ಮಾಡಿ. ಹುಡುಗನಿಗೆ ಯಾವ ದಿನ ಜಾಸ್ತಿ ಆಯಿತು ಅಂತ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಡಲು ಅವರಿಗೆ ಹೇಳಿ. ಒಂದೂವರೆ ತಿಂಗಳಾದ ಮೇಲೆ ಮತ್ತೆ ಕೂತು ಆ ಗುರುತುಗಳನ್ನು ನೋಡಿ.

ಎಲ್ಲವನ್ನೂ ಒಂದೇ ದಿನ ಶುರು ಮಾಡಬೇಡಿ, ಯಾವುದರಿಂದ ಗುಣ ಆಯಿತು ಅಂತ ಗೊತ್ತಾಗುವುದಿಲ್ಲ. ಮೊದಲ ವಾರ ಬೆಕ್ಕು ಒಳಗೆ, ತಲೆಬಾಗಿಲು ಬಂದ್, ಕಾರಿಡಾರಿಗೆ ಒದ್ದೆ ಬಟ್ಟೆ. ಇದಕ್ಕೆ ಯಾರ ಒಪ್ಪಿಗೆಯೂ ಬೇಡ, ಇವತ್ತೇ ಆಗುತ್ತದೆ. ಬಾಲ್ಕನಿ ಜಾಳಿ, ಗಂಡು ಬೆಕ್ಕಿನ ಆಪರೇಷನ್ ಅದೇ ತಿಂಗಳಲ್ಲಿ ಮುಗಿಸಿ. ಒಂದೂವರೆ ತಿಂಗಳಿಗೆ ಫರಕು ಕಾಣದಿದ್ದರೆ ಅವರ ಕೋಣೆಗೆ ಪ್ಯೂರಿಫೈಯರ್, ಆಮೇಲೆ ಆಹಾರ. ಕೂಲರಿನ ಗಾಳಿ ಎಲ್ಲಿಂದ ಹೊರಗೆ ಹೋಗಬೇಕು ಅನ್ನುವುದನ್ನು ಮಾತ್ರ ಫೆಬ್ರವರಿಯಲ್ಲೇ ತೀರ್ಮಾನ ಮಾಡಿ, ಹೊಸ ಪ್ಯಾಡ್ ಹಾಕಿಸುವಾಗಲೇ. ಮಾರ್ಚ್ ಬಂತೆಂದರೆ ಎರಡೂ ಮನೆಯಲ್ಲಿ ಕೂಲರ್ ಶುರು ಆಗಿರುತ್ತದೆ.